ಕಷ್ಟಪಟ್ಟಿದ್ದಕ್ಕೆ ಅಂಕವೋ, ಕೆಲಸ ಚೆನ್ನಾಗಿದ್ದುದಕ್ಕೋ?

ಇಂಟರ್ನಲ್ಸ್ ಅಂಕ ಹಾಕುವ ವಾರ ಬಂತೆಂದರೆ ಸ್ಟಾಫ್ ರೂಮಿನಲ್ಲಿ ಒಂದು ಮಾತು ಕೇಳಿಸದೆ ಇರುವುದಿಲ್ಲ: "ಪಾಪ, ಹುಡುಗ ಕಷ್ಟಪಟ್ಟಿದ್ದಾನೆ, ಇನ್ನೆರಡು ಹಾಕಿಬಿಡಿ." ಬಾಗಿಲಲ್ಲಿ ನಿಂತ ಹುಡುಗನದೂ ಅದೇ ಅಹವಾಲು: "ರಾತ್ರಿಯೆಲ್ಲಾ ಕೂತ್ಕಂಡ್ ಬರ್ದಿವ್ನಿ ಸಾ, ಹನ್ನೊಂದೇ ಕೊಟ್ಟಿದ್ದೀರ." ಮೈಸೂರಾಗಲಿ ಮಂಡ್ಯವಾಗಲಿ, ಪದವಿ ಕಾಲೇಜಾಗಲಿ ಎಂಜಿನಿಯರಿಂಗ್ ಕಾಲೇಜಾಗಲಿ, ಇದು ತಪ್ಪಿದ್ದಲ್ಲ. ಎರಡು ಮಾತಿನಲ್ಲೂ ಸುಳ್ಳಿಲ್ಲ. ಆದರೆ ಎರಡು ಅಂಕ ಏರಿಸಿದರೆ ಆ ರಾತ್ರಿಯ ಶ್ರಮಕ್ಕೆ ನ್ಯಾಯ ಸಿಕ್ಕಿತೇ? ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಕ ಕೆಲಸದ ಗುಣಮಟ್ಟಕ್ಕೇ ಹೋಗಬೇಕು. ಕಷ್ಟಪಟ್ಟವನಿಗೆ ಮೇಷ್ಟ್ರು ಕೊಡಬೇಕಾದದ್ದು ಬೇರೆ ಇದೆ: ಎಲ್ಲಿ ತಪ್ಪಿತು ಎಂದು ಬಿಡಿಸಿ ಹೇಳುವುದು, ಮತ್ತೆ ಮಾಡಲು ಸಮಯ ಕೊಡುವುದು, ಮತ್ತೆ ಮಾಡಿ ತಂದದ್ದು ಚೆನ್ನಾಗಿದ್ದರೆ ಪೂರ್ತಿ ಅಂಕ ಕೊಡುವುದು. 60 ಮಕ್ಕಳ ತರಗತಿಯಲ್ಲಿ ಇದನ್ನು ಹೇಗೆ ಮಾಡಬಹುದು ಎಂಬುದನ್ನೇ ಇಲ್ಲಿ ಬರೆದಿದ್ದೇನೆ.

ಶ್ರಮಕ್ಕೇ ನೇರವಾಗಿ ಅಂಕ ಕೊಟ್ಟು ನೋಡಿದ ಕಾಲೇಜೂ ಇದೆ. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಕೊಲಂಬಿಯಾ ನಗರದಲ್ಲಿರುವ ಬೆನೆಡಿಕ್ಟ್ ಕಾಲೇಜು ಇಪ್ಪತ್ತು ವರ್ಷಕ್ಕೂ ಹಿಂದೆ ಇಂಥ ನಿಯಮ ತಂದಿತು. ಮೊದಲ ವರ್ಷದವರ ಗ್ರೇಡಿನಲ್ಲಿ 60 ಭಾಗ ಶ್ರಮಕ್ಕೆ, 40 ಭಾಗ ವಿಷಯಜ್ಞಾನಕ್ಕೆ. ಎರಡನೇ ವರ್ಷದಲ್ಲಿ ಸಮಸಮ. ಆಮೇಲಿನ ವರ್ಷಗಳಲ್ಲಿ ವಿಷಯಜ್ಞಾನ ಮಾತ್ರ. ಹೀಗೆ ಗ್ರೇಡ್ ಕೊಡಲು ಒಪ್ಪದ ಇಬ್ಬರು ಪ್ರಾಧ್ಯಾಪಕರನ್ನು 2004ರಲ್ಲಿ ಕೆಲಸದಿಂದ ತೆಗೆದದ್ದು ದೊಡ್ಡ ಸುದ್ದಿಯಾಯಿತು. ನಿಯಮದ ಹಿಂದಿನ ಉದ್ದೇಶ ಕೆಟ್ಟದ್ದೇನಲ್ಲ. ಓದಿನ ಹಿನ್ನೆಲೆ ಇಲ್ಲದೆ ಬಂದ ಮಕ್ಕಳು ಮೊದಲ ವರ್ಷದಲ್ಲೇ ಎದೆಗುಂದಿ ಕಾಲೇಜು ಬಿಡಬಾರದು ಎಂಬ ಕಾಳಜಿ ಅದರಲ್ಲಿದೆ. ಆದರೆ ಲೆಕ್ಕ ಹಾಕಿ ನೋಡಿ. ತರಗತಿಗೆ ತಪ್ಪದೆ ಬಂದು, ಹೇಳಿದ್ದನ್ನೆಲ್ಲ ಬರೆದು ಒಪ್ಪಿಸಿ 60ಕ್ಕೆ 60 ಪಡೆದವನು ವಿಷಯದಲ್ಲಿ 40ಕ್ಕೆ 10 ಗಳಿಸಿದರೂ ಒಟ್ಟು 70. ಅವನಿಗೆ ವಿಷಯದ ಕಾಲುಭಾಗ ಮಾತ್ರ ಗೊತ್ತು ಎಂಬುದು ಆ 70ರಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅವನಿಗೂ ಕಾಣುವುದಿಲ್ಲ. ಮೂರನೇ ವರ್ಷ ಕಾಲಿಟ್ಟಾಗ ಒಮ್ಮೆಗೇ ಗೊತ್ತಾಗುತ್ತದೆ, ಅಷ್ಟರಲ್ಲಿ ತಿದ್ದಿಕೊಳ್ಳಬೇಕಾದ ಎರಡು ವರ್ಷ ಮುಗಿದಿರುತ್ತದೆ.

ನಮ್ಮಲ್ಲಿ ಅಂಥ ನಿಯಮ ಇಲ್ಲ, ಆದರೆ ರೂಢಿ ಇದೆ. ರಾಜ್ಯದ ಪದವಿ ತರಗತಿಗಳಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎನ್‌ಇಪಿ ಬಂದಾಗ ಪರೀಕ್ಷೆಗೆ 60, ಐಎಗೆ (ಕಾಲೇಜಿನಲ್ಲೇ ಹಾಕುವ ಇಂಟರ್ನಲ್ಸ್ ಅಂಕಕ್ಕೆ) 40 ಇತ್ತು. 2024-25ರಿಂದ ರಾಜ್ಯದ ಹೊಸ ಚೌಕಟ್ಟಿನಲ್ಲಿ ಅದು 80 ಮತ್ತು 20 ಆಯಿತು. ಎಂಜಿನಿಯರಿಂಗ್ ಕಾಲೇಜುಗಳ ವಿಟಿಯುವಿನ 2022ರ ಸ್ಕೀಮಿನಲ್ಲಿ ಸೆಮಿಸ್ಟರ್ ಉದ್ದಕ್ಕೂ ನಡೆಯುವ ಮೌಲ್ಯಮಾಪನ ಸಿಐಇ 50, ಕೊನೆಯ ಪರೀಕ್ಷೆ ಎಸ್‌ಇಇ 50. ಪ್ರಮಾಣ ಯಾವುದಾದರೂ ಇರಲಿ, ಐಎ ಕಾಲಮ್ಮಿನಲ್ಲಿ ಇಡೀ ತರಗತಿಗೆ 17ರಿಂದ 19 ಬಿದ್ದಿರುವ ಪಟ್ಟಿ ಯಾರಿಗೂ ಹೊಸದಲ್ಲ. ಬಂದವನಿಗೆ, ಬರೆದವನಿಗೆ, ವಿನಯವಾಗಿ ನಡೆದುಕೊಂಡವನಿಗೆ ಎಲ್ಲರಿಗೂ ಅದೇ. ಪರೀಕ್ಷೆಯಲ್ಲಿ 80ಕ್ಕೆ 22 ಬಂದಾಗ ಆ ಹುಡುಗನ ಕೈಯಲ್ಲಿ ಇರುವುದು 19ರ ಐಎ. ಸೆಮಿಸ್ಟರ್ ಉದ್ದಕ್ಕೂ ಎಲ್ಲ ಸರಿಯಿದೆ ಎಂದು ಹೇಳಿ, ಕೊನೆಗೆ ಬ್ಯಾಕ್‌ಲಾಗ್ ಕೈಗಿಟ್ಟಂತಾಯಿತು. ಐಎ ಇರುವುದೇ ಎಲ್ಲಿ ಸರಿಯಿಲ್ಲ ಎಂದು ಮುಂಚೆಯೇ ತಿಳಿಸಲು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು: ಶ್ರಮ ಮೇಷ್ಟ್ರ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಶ್ರಮದ ಗುರುತುಗಳು. ರೆಕಾರ್ಡಿನ ದಪ್ಪ, ದುಂಡಗಿನ ಅಕ್ಷರ, ಬಣ್ಣದ ಹಾಳೆ, ಸ್ಪೈರಲ್ ಬೈಂಡಿಂಗ್, ಮುಂದಿನ ಬೆಂಚು, ನಾಲ್ಕೂವರೆಯ ನಂತರವೂ ಲ್ಯಾಬಿನಲ್ಲಿ ಉಳಿಯುವುದು. ಇವುಗಳಲ್ಲಿ ಅರ್ಧದಷ್ಟನ್ನು ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬಹುದು, ಇನ್ನರ್ಧ ಸಮಯ ಇದ್ದವರಿಗೆ ಸುಲಭ. ಕೆ.ಆರ್. ಪೇಟೆಯಿಂದಲೋ ನಾಗಮಂಗಲದಿಂದಲೋ ಬಸ್ಸಿನಲ್ಲಿ ಮಂಡ್ಯಕ್ಕೆ ಬಂದು, ನಾಲ್ಕು ಗಂಟೆಯ ಬಸ್ಸು ಹಿಡಿದು ಹೋಗಿ, ಮನೆಯಲ್ಲಿ ಹಾಲು ಕರೆದು ಡೈರಿಗೆ ಹಾಕಿ ಆಮೇಲೆ ಪುಸ್ತಕ ತೆಗೆಯುವ ಹುಡುಗಿಯ ಶ್ರಮ ನಮ್ಮ ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಮೈಸೂರಿನ ಸರಸ್ವತಿಪುರಂನ ಪೇಯಿಂಗ್ ಗೆಸ್ಟ್ ಕೋಣೆಯಿಂದ ಐದು ನಿಮಿಷದಲ್ಲಿ ನಡೆದು ಬರುವವನು ಸಂಜೆ ಆರರವರೆಗೆ ಕಣ್ಣಿಗೆ ಬೀಳುತ್ತಾನೆ. ಶ್ರಮಕ್ಕೆ ಅಂಕ ಎಂದು ಹೊರಟರೆ ಅನುಕೂಲವಿದ್ದವನಿಗೇ ಇನ್ನಷ್ಟು ಅನುಕೂಲ ಮಾಡಿದ ಹಾಗೆ. ಚಾಟ್‌ಜಿಪಿಟಿ ಬಂದ ಮೇಲಂತೂ ಉದ್ದ ಮತ್ತು ಅಚ್ಚುಕಟ್ಟು ಎರಡೂ ಶ್ರಮದ ಗುರುತಾಗಿ ಉಳಿದಿಲ್ಲ. ಇಪ್ಪತ್ತು ಪುಟದ ಅಸೈನ್‌ಮೆಂಟಿಗೆ ಈಗ ಐದು ನಿಮಿಷ ಸಾಕು.

ಹಾಗಾದರೆ ಉತ್ತರ ಸರಿಯಿದ್ದರೆ ಅಂಕ, ತಪ್ಪಿದ್ದರೆ ಇಲ್ಲ ಎಂದರೆ ಮುಗಿಯಿತೇ? ಅದೂ ಅಲ್ಲ. ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಬೋರ್‌ವೆಲ್ ನೀರಿನ ಗಡಸುತನ: ನಾಲ್ಕು ರೆಕಾರ್ಡ್

ಬಿಎಸ್ಸಿ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನೀರಿನ ಒಟ್ಟು ಗಡಸುತನವನ್ನು ಇಡಿಟಿಎ ಟೈಟ್ರೇಷನ್ನಿನಿಂದ (ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಬಣ್ಣ ತಿರುಗುವವರೆಗೆ ಹನಿಸಿ ಅಳೆಯುವುದು) ಕಂಡುಹಿಡಿಯುವ ಪ್ರಯೋಗ ಎಲ್ಲರಿಗೂ ಪರಿಚಯ. ಪಿಪೆಟ್ಟಿನಲ್ಲಿ 50 ಮಿ.ಲೀ. ನೀರು, ಪಿಎಚ್ 10ಕ್ಕೆ ತರಲು ಅಮೋನಿಯಾ ಬಫರ್, ಬಣ್ಣ ತೋರಿಸುವ ಇಂಡಿಕೇಟರ್ ಆಗಿ ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ, ಬ್ಯುರೆಟ್ಟಿನಲ್ಲಿ 0.01 ಮೋಲಾರ್ ಇಡಿಟಿಎ. ದ್ರಾಕ್ಷಿ ಕೆಂಪು ಬಣ್ಣ ಹೋಗಿ ನೀಲಿ ಬಂದರೆ ಎಂಡ್ ಪಾಯಿಂಟ್. 0.01 ಮೋಲಾರ್ ಇಡಿಟಿಎ 1 ಮಿ.ಲೀ. ಖರ್ಚಾದರೆ ನೀರಿನಲ್ಲಿ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಗಡಸುತನ ಇತ್ತೆಂದು ಅರ್ಥ. 18.4 ಮಿ.ಲೀ. ಖರ್ಚಾದರೆ ಲೀಟರಿಗೆ 368 ಮಿಲಿಗ್ರಾಂ.

ಎಲ್ಲರಿಗೂ ಒಂದೇ ಬೋರ್‌ವೆಲ್ಲಿನ ನೀರು ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಮೊದಲನೆಯ ವಿದ್ಯಾರ್ಥಿನಿಯ ರೀಡಿಂಗ್ 18.4, 18.5, 18.4. ಒಂದೂವರೆ ಗಂಟೆಯಲ್ಲಿ ಮುಗಿಸಿ ಕೈ ತೊಳೆದಿದ್ದಾಳೆ. ಉತ್ತರ 368.

ಎರಡನೆಯವನು ಅಟೆಂಡರ್ ಬಂದು ಬೀಗ ತೋರಿಸುವವರೆಗೂ ನಿಂತು ಐದು ರೀಡಿಂಗ್ ತೆಗೆದಿದ್ದಾನೆ: 17.2, 19.6, 18.9, 18.1, 18.4. ಐದನ್ನೂ ಕೂಡಿಸಿ ಸರಾಸರಿ 18.44 ಮಾಡಿದ್ದಾನೆ. ಉತ್ತರ 368.8. ಶ್ರಮ ಎಲ್ಲರಿಗಿಂತ ಹೆಚ್ಚು, ಉತ್ತರವೂ ಸರಿ. ಆದರೂ ಇದು ಒಳ್ಳೆಯ ಕೆಲಸವಲ್ಲ. ಕನಿಷ್ಠ ಮತ್ತು ಗರಿಷ್ಠ ರೀಡಿಂಗಿನ ನಡುವೆ 2.4 ಮಿ.ಲೀ. ವ್ಯತ್ಯಾಸ ಇದೆ. 0.1 ಮಿ.ಲೀ. ಒಳಗೆ ಎರಡು ರೀಡಿಂಗ್ ಕೂಡಿ ಬರುವ ತನಕ ಸರಾಸರಿ ತೆಗೆಯಲೇಬಾರದು. ಮೇಲಿನ ತಪ್ಪು ಕೆಳಗಿನ ತಪ್ಪಿಗೆ ವಜಾ ಆಗಿ ಉತ್ತರ ಅದೃಷ್ಟದಿಂದ ಸರಿಹೋಗಿದೆ. ನಾಳೆ ಬೇರೆ ನೀರು ಕೊಟ್ಟರೆ ಸರಿಹೋಗುವ ಖಾತ್ರಿ ಇಲ್ಲ.

ಮೂರನೆಯ ರೆಕಾರ್ಡಿನಲ್ಲಿ 18.4, 18.4, 18.4. ಅಬ್ಸರ್ವೇಷನ್ ಬುಕ್ಕಿನಲ್ಲಿ ಒಂದು ಕಾಟು ಇಲ್ಲ, ಒಂದು ಹನಿ ಕಲೆ ಇಲ್ಲ. ಪಕ್ಕದವರ ಉತ್ತರ ಕೇಳಿಕೊಂಡು ಹಿಂದಿನಿಂದ ಲೆಕ್ಕ ಹಾಕಿ ಬರೆದಿರಬಹುದು, ನಿಜವಾಗಿ ಕೈ ಅಷ್ಟು ಪಳಗಿದ್ದೂ ಇರಬಹುದು. ಊಹೆ ಮೇಲೆ ಅಂಕ ಕಡಿಯಬೇಡಿ. ನಿಮ್ಮೆದುರು ಒಂದೇ ಒಂದು ರೀಡಿಂಗ್ ತೆಗೆಯಲು ಹೇಳಿ, ಹತ್ತು ನಿಮಿಷದ ಮಾತು.

ನಾಲ್ಕನೆಯವಳದು 20.0, 20.0. ಉತ್ತರ 400 ಎಂದು ಬರೆದಿದ್ದಾಳೆ. ಮೇಲ್ನೋಟಕ್ಕೆ ತಪ್ಪು. ಕಾರಣ ಏನೆಂದರೆ ಅವಳು ತಯಾರಿಸಿದ ಇಡಿಟಿಎ ನಿಜವಾಗಿ 0.0092 ಮೋಲಾರ್. 250 ಮಿ.ಲೀ.ಗೆ 0.93 ಗ್ರಾಂ ಡೈಸೋಡಿಯಂ ಲವಣ ತೂಗಬೇಕಾದ ಕಡೆ ತೂಕ ಕಡಿಮೆಯಾಗಿದೆ, ಝಿಂಕ್ ಸಲ್ಫೇಟ್ ದ್ರಾವಣದ ಜೊತೆ ಟೈಟ್ರೇಟ್ ಮಾಡಿ ಬಲ ಪರೀಕ್ಷಿಸುವ ಹಂತವನ್ನು ಬಿಟ್ಟಿದ್ದಾಳೆ. 20.0 ಅನ್ನು 0.92ರಿಂದ ಗುಣಿಸಿದರೆ 18.4 ಬರುತ್ತದೆ. ಕೈಕೆಲಸ ಅಚ್ಚುಕಟ್ಟು, ಒಂದು ಹಂತ ಮಾತ್ರ ತಪ್ಪಿದೆ.

ಈ ನಾಲ್ವರಿಗೂ ನ್ಯಾಯವಾಗಬೇಕಾದರೆ 10 ಅಂಕವನ್ನು ಮೊದಲೇ ಹೀಗೆ ಒಡೆಯಿರಿ: ರೀಡಿಂಗುಗಳು ಕೂಡಿ ಬಂದದ್ದಕ್ಕೆ 4, ಇಡಿಟಿಎ ಬಲ ಗೊತ್ತುಮಾಡಿಕೊಂಡದ್ದಕ್ಕೆ 2, ಲೆಕ್ಕಕ್ಕೆ 2, ಫಲಿತಾಂಶದ ಅರ್ಥ ಮತ್ತು ತಪ್ಪಿನ ಕಾರಣ ಹೇಳಿದ್ದಕ್ಕೆ 2. ಕೊನೆಯ ಎರಡಂಕದ ಪ್ರಶ್ನೆ ಸರಳ: ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದಾಗ 600ರವರೆಗೆ ಅನುಮತಿ. 368 ಇದರಲ್ಲಿ ಎಲ್ಲಿ ನಿಲ್ಲುತ್ತದೆ, ನಿನ್ನ ರೀಡಿಂಗ್ ಎಷ್ಟರ ಮಟ್ಟಿಗೆ ನಂಬಬಹುದು? ಇಷ್ಟು ಇಟ್ಟುಕೊಂಡರೆ ಮೊದಲನೆಯವಳಿಗೆ 9 ಅಥವಾ 10. ನಾಲ್ಕನೆಯವಳಿಗೆ ರೀಡಿಂಗಿಗೆ 4, ಬಲದ ಹಂತಕ್ಕೆ 0, ಲೆಕ್ಕದ ವಿಧಾನಕ್ಕೆ 2, ವಿವರಣೆಗೆ 1, ಒಟ್ಟು 7. ಒಂದು ತಪ್ಪಿಗೆ ಒಂದೇ ಕಡೆ ಅಂಕ ಹೋಗಬೇಕು, ಅದೇ ತಪ್ಪು ಮುಂದಿನ ಹಂತಕ್ಕೆ ಹರಿದುಹೋದದ್ದಕ್ಕೆ ಮತ್ತೆ ಕಡಿಯಬಾರದು. ಎರಡನೆಯವನಿಗೆ ರೀಡಿಂಗಿಗೆ 1, ಬಲಕ್ಕೆ 2, ಲೆಕ್ಕಕ್ಕೆ 1, ವಿವರಣೆಗೆ 1, ಒಟ್ಟು 5.

ಐದೇ ಅಂಕ ಕೊಟ್ಟು ಕಳಿಸಿದರೆ ಅದು ಕ್ರೂರ, ಒಪ್ಪುತ್ತೇನೆ. ಕರುಣೆಗೆ 8 ಕೊಟ್ಟರೂ ಅಷ್ಟೇ ಕ್ರೂರ. ಯಾಕೆಂದರೆ ಮುಂದಿನ ವಾರವೂ ಅವನ ಕೈ ಹಾಗೇ ಇರುತ್ತದೆ. ಅವನ ರೀಡಿಂಗ್ ಏಕೆ ಅಲುಗಾಡುತ್ತಿದೆ ಎಂದು ನೋಡಿ. ಕಾರಣಗಳು ಸಾಮಾನ್ಯವಾಗಿ ಇವೇ: ಬಫರ್ ಸಾಲದೆ ಪಿಎಚ್ ಇಳಿದು ಬಣ್ಣ ಮಂಕಾಗಿ ತಿರುಗುವುದು, ಇಂಡಿಕೇಟರ್ ಜಾಸ್ತಿಯಾಗಿ ಕೆಂಪು ನೀಲಿ ಬೇರೆ ಮಾಡಲು ಆಗದಿರುವುದು, ಬಫರ್ ಹಾಕಿಟ್ಟು ಪಕ್ಕದವನ ಜೊತೆ ಮಾತಿಗೆ ನಿಂತು ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಇಳಿಯುವುದು (ಬಫರ್ ಹಾಕಿದ ಐದು ನಿಮಿಷದೊಳಗೆ ಟೈಟ್ರೇಷನ್ ಮುಗಿಯಬೇಕು), ಎಲ್ಲಕ್ಕಿಂತ ಹೆಚ್ಚಾಗಿ ಕೊನೆಯ 1 ಮಿ.ಲೀ. ಅನ್ನು ಅವಸರದಲ್ಲಿ ಬಿಡುವುದು. ಎಂಡ್ ಪಾಯಿಂಟಿನ ಹತ್ತಿರ ಮೆಗ್ನೀಸಿಯಂ ಇಡಿಟಿಎ ಜೊತೆ ನಿಧಾನವಾಗಿ ಸೇರುತ್ತದೆ. ಹನಿ ಹಾಕಿ, ಫ್ಲಾಸ್ಕ್ ಅಲ್ಲಾಡಿಸಿ, ಮೂರು ನಾಲ್ಕು ಸೆಕೆಂಡ್ ಕಾದು, ಮತ್ತೆ ಹನಿ. "ಕೊನೇ 1 ಮಿ.ಲೀ. ಹನಿಹನಿಯಾಗಿ, ಇಂಡಿಕೇಟರ್ ಅರ್ಧ ಸಾಕು" ಎಂದು ರೆಕಾರ್ಡಿನ ಅಂಚಿನಲ್ಲಿ ಬರೆದು, ಮುಂದಿನ ಲ್ಯಾಬಿನ ಮೊದಲ ಅರ್ಧ ಗಂಟೆ ಅವನಿಗೆ ಕೊಡಿ. ಮೂರು ರೀಡಿಂಗಿಗೆ ಹೆಚ್ಚೆಂದರೆ 60 ಮಿ.ಲೀ. ಇಡಿಟಿಎ ಖರ್ಚು. 18.3, 18.4, 18.4 ಬಂತೆಂದರೆ ಹಳೆಯ 5 ಅಳಿಸಿ 9 ಬರೆಯಿರಿ. ಎರಡರ ಸರಾಸರಿ 7 ಹಾಕಬೇಡಿ. ಈಗ ಅವನಿಗೆ ಬಂದಿರುವುದು 9ರ ಕೆಲಸ. ಅವನ ಶ್ರಮ ಅಂಕವಾಗಿದ್ದು ಹೀಗೆ, ಕೆಲಸ ಸುಧಾರಿಸುವ ಮೂಲಕ.

ಬರವಣಿಗೆ, ಪ್ರಾಜೆಕ್ಟ್

ಲ್ಯಾಬಿನಲ್ಲಿ ಅಳತೆ ಇದೆ, ವಾದಕ್ಕೆ ಜಾಗ ಕಡಿಮೆ. ಪ್ರಬಂಧ, ಸೆಮಿನಾರ್ ಪೇಪರ್, ಸರ್ವೇ ಪ್ರಾಜೆಕ್ಟ್ ಬಂದಾಗ "ಗುಣಮಟ್ಟ ಅಂದರೆ ನಿಮಗೆ ಇಷ್ಟವಾದದ್ದು ತಾನೆ?" ಎಂದು ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು 142 ಶಿಕ್ಷಕರಿಂದ ತಿದ್ದಿಸಿದರು. ನೂರಕ್ಕೆ 64ರಿಂದ 98ರವರೆಗೆ ಅಂಕ ಬಿತ್ತು. ಮರುವರ್ಷ ರೇಖಾಗಣಿತದ ಪತ್ರಿಕೆ ಕೊಟ್ಟರು, ಅದರಲ್ಲಿ 28ರಿಂದ 95. ಗಣಿತದಲ್ಲೇ ಹೀಗಾದರೆ ಉಳಿದದ್ದರ ಗತಿ ಏನು? ಗುಣಮಟ್ಟಕ್ಕೆ ಅಂಕ ಎನ್ನುವವರು ಗುಣಮಟ್ಟ ಎಂದರೇನೆಂದು ಕೆಲಸ ಕೊಡುವ ದಿನವೇ ಬರೆದು ಕೊಡಬೇಕು. ತಿದ್ದುವ ದಿನ ತೀರ್ಮಾನಿಸಿದರೆ ಅದು ಮೇಷ್ಟ್ರ ಮನಸ್ಸಿಗೆ ಬಂದ ಹಾಗೆ ಆಗುತ್ತದೆ.

ಬಿಕಾಂ ವಿದ್ಯಾರ್ಥಿ ಮದ್ದೂರಿನ ಎಳನೀರು ಮಾರುಕಟ್ಟೆಯ ಮೇಲೆ ಪ್ರಾಜೆಕ್ಟ್ ಮಾಡುತ್ತಾನೆ ಎನ್ನಿ. ನೂರು ಜನ ಬೆಳೆಗಾರರಿಂದ ಪ್ರಶ್ನಾವಳಿ ತುಂಬಿಸಿ ತಂದಿದ್ದಾನೆ. ಬಿಸಿಲಲ್ಲಿ ಅಲೆದಿದ್ದಾನೆ, ಸಂಶಯವಿಲ್ಲ. ಮುಖ್ಯ ಪ್ರಶ್ನೆ ಹೀಗಿದೆ: "ಎಳನೀರಿಗೆ ಸಿಗುವ ಬೆಲೆ ನಿಮಗೆ ತೃಪ್ತಿ ತಂದಿದೆಯೇ? ಹೌದು / ಇಲ್ಲ." ಬೆಲೆ ಸಾಕು ಎನ್ನುವ ಬೆಳೆಗಾರ ಎಲ್ಲಿದ್ದಾನೆ? ಹೆಚ್ಚುಕಡಿಮೆ ಎಲ್ಲರೂ ಇಲ್ಲ ಎಂದಿರುತ್ತಾರೆ. ಅದನ್ನು ಪೈ ಚಾರ್ಟ್ ಮಾಡಿ ಬಣ್ಣ ತುಂಬಿದರೂ ಹೊಸದೇನೂ ತಿಳಿಯುವುದಿಲ್ಲ. ಬದಲಿಗೆ 30 ಜನರನ್ನೇ ಕೇಳಿ, ಕಳೆದ ಕೊಯ್ಲಿನಲ್ಲಿ ಎಷ್ಟು ಕಾಯಿ, ಮರದ ಬಳಿಯೇ ಕೊಟ್ಟದ್ದೋ ಮಾರುಕಟ್ಟೆಗೆ ತಂದದ್ದೋ, ಕಾಯಿಗೆ ಎಷ್ಟು ಸಿಕ್ಕಿತು, ಇಳಿಸುವ ಕೂಲಿ ಎಷ್ಟು, ಸಾಗಣೆ ಎಷ್ಟು, ದುಡ್ಡು ಎಷ್ಟು ದಿನಕ್ಕೆ ಕೈಗೆ ಬಂತು ಎಂದು ಬರೆದುಕೊಂಡಿದ್ದರೆ ಬೆಳೆಗಾರನ ಕೈಯಲ್ಲಿ ಕೊನೆಗೆ ಉಳಿದದ್ದೆಷ್ಟು ಎಂದು ಲೆಕ್ಕ ಹಾಕಬಹುದಿತ್ತು. ಅಲೆದಾಟ ಮೂರನೇ ಒಂದು ಭಾಗ, ಕೆಲಸ ಹತ್ತು ಪಟ್ಟು ಉತ್ತಮ.

ಇಲ್ಲಿ ಹುಡುಗನ ತಪ್ಪಿಗಿಂತ ನಮ್ಮ ವೇಳಾಪಟ್ಟಿಯ ತಪ್ಪು ದೊಡ್ಡದು. ಮೊದಲ ಬಾರಿ ಅವನ ಪ್ರಶ್ನಾವಳಿಯನ್ನು ಗೈಡ್ ನೋಡಿದ್ದು ಬೈಂಡಿಂಗ್ ಆದ ಮೇಲೆ ಎಂದಾದರೆ, ಅವನ ಶ್ರಮ ವ್ಯರ್ಥವಾದದ್ದಕ್ಕೆ ಗೈಡೇ ಹೊಣೆ. ಕರುಣೆಯ ಅಂಕ ಹುಟ್ಟುವುದು ಬಹುತೇಕ ಇಲ್ಲಿಂದಲೇ. ತಡವಾಗಿ ನೋಡಿದ್ದಕ್ಕೆ ನಾವು ಕೊಡುವ ಪರಿಹಾರ ಅದು. ಬೇಗ ನೋಡಿದರೆ ಪರಿಹಾರದ ಅಗತ್ಯವೇ ಬೀಳುವುದಿಲ್ಲ.

ಆದ್ದರಿಂದ ಪ್ರಾಜೆಕ್ಟಿನ ನೂರು ಅಂಕವನ್ನು ಕೊನೆಯ ದಿನಕ್ಕೇ ಪೂರ್ತಿ ಇಡಬೇಡಿ. ಒಂದು ಪುಟದ ಪ್ರಸ್ತಾವಕ್ಕೆ 10: ಏನನ್ನು ತಿಳಿಯಬೇಕು, ಯಾರನ್ನು ಕೇಳುತ್ತೀಯ, ಏಕೆ ಅವರನ್ನೇ. ಐದು ಜನರ ಮೇಲೆ ಪ್ರಶ್ನಾವಳಿ ಪ್ರಯೋಗಿಸಿ, ಯಾವ ಪ್ರಶ್ನೆ ಕೆಲಸಕ್ಕೆ ಬರಲಿಲ್ಲ, ಹೇಗೆ ಬದಲಿಸಿದೆ ಎಂದು ಬರೆದದ್ದಕ್ಕೆ 15. ಮಾಹಿತಿ ಮತ್ತು ಕೋಷ್ಟಕಕ್ಕೆ 25. ವಿಶ್ಲೇಷಣೆಗೆ 30. ವೈವಾಗೆ 20. ಗಮನಿಸಿ, ಮೊದಲ ಎರಡು ಹಂತದಲ್ಲೂ ಅಂಕ ಬೀಳುವುದು ತಂದು ಒಪ್ಪಿಸಿದ್ದಕ್ಕಲ್ಲ. ಐದು ಪ್ರಶ್ನಾವಳಿ ತಂದು "ಎಲ್ಲ ಸರಿಯಿದೆ ಸಾರ್" ಎಂದವನಿಗೆ 15ಕ್ಕೆ 5, ಎರಡು ಪ್ರಶ್ನೆ ಹೊಡೆದುಹಾಕಿ ಕಾರಣ ಬರೆದವನಿಗೆ 13. ಹಂತಹಂತವಾಗಿ ಮಾಡಿದ ಕೆಲಸದ ಗುಣ ಹೀಗೆ ಅಳತೆಗೆ ಸಿಗುತ್ತದೆ, ನಾವು "ಶ್ರಮ" ಎನ್ನುವುದರಲ್ಲಿ ಬೆಲೆಬಾಳುವ ಭಾಗ ಅದೇ. ಅಂಗಡಿಯಲ್ಲಿ ಮಾಡಿಸಿದ ಪ್ರಾಜೆಕ್ಟಿಗೆ, ಯಂತ್ರ ಬರೆದುಕೊಟ್ಟ ಪ್ರಾಜೆಕ್ಟಿಗೆ ಈ ಮಧ್ಯದ ಕಾಗದಗಳು ಇರುವುದಿಲ್ಲ, ಇದ್ದರೂ ವೈವಾದಲ್ಲಿ ನಿಲ್ಲುವುದಿಲ್ಲ. ವೈವಾ ಉದ್ದ ಬೇಕಿಲ್ಲ. ನಾಲ್ಕು ನಿಮಿಷ, ಮೂರು ಪ್ರಶ್ನೆ: ಈ ಕೋಷ್ಟಕದ ಈ ಅಂಕಿ ಎಲ್ಲಿಂದ ಬಂತು, ಯಾವ ಪ್ರಶ್ನೆ ಬಿಟ್ಟೆ, ಮತ್ತೆ ಮಾಡಿದರೆ ಏನು ಬದಲಿಸುತ್ತೀಯ.

ಗುಂಪು ಪ್ರಾಜೆಕ್ಟಿನಲ್ಲಿ ನಾಲ್ವರಲ್ಲಿ ಒಬ್ಬನೇ ಹೊತ್ತು ಉಳಿದ ಮೂವರು ಕೂತು ಬರುವುದು ಎಲ್ಲ ಕಡೆ ಇದ್ದದ್ದೇ. 60 ಭಾಗ ಗುಂಪಿಗೆ, 40 ಭಾಗ ವೈವಾ ಆಧರಿಸಿ ವ್ಯಕ್ತಿಗೆ ಎಂದು ಒಡೆದರೆ ಬಹಳಷ್ಟು ಸರಿಹೋಗುತ್ತದೆ.

ಬರವಣಿಗೆಯ ಅಸೈನ್‌ಮೆಂಟಿಗೆ ಮಾನದಂಡ ಮೂರಕ್ಕಿಂತ ಹೆಚ್ಚು ಬೇಡ. 20 ಅಂಕಕ್ಕೆ: ಕೇಳಿದ ಪ್ರಶ್ನೆಗೇ ಉತ್ತರ ಇದೆಯೇ 6, ಆಧಾರ ಮತ್ತು ಉದಾಹರಣೆ 8, ವಾದದ ಜೋಡಣೆ 6. ಎಂಟು ಹತ್ತು ಮಾನದಂಡದ ಪಟ್ಟಿ ನೋಡಲು ಚೆಂದ, ಇಪ್ಪತ್ತನೇ ಪೇಪರಿನ ಹೊತ್ತಿಗೆ ಯಾವ ಮೇಷ್ಟ್ರೂ ಅದನ್ನು ಪಾಲಿಸುವುದಿಲ್ಲ. ಭಾಷೆಗೆ ಪ್ರತ್ಯೇಕ ಅಂಕ ಇಡಲೇಬೇಕೆಂದರೆ ಎರಡು ಸಾಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಇಂಗ್ಲಿಷಿನಲ್ಲಿ ಬರೆದ ಅರ್ಥಶಾಸ್ತ್ರದ ಉತ್ತರದಲ್ಲಿ ವಾಕ್ಯ ಎಡವಿದರೂ ವಾದ ಗಟ್ಟಿಯಾಗಿದ್ದರೆ ಅಂಕ ವಾದಕ್ಕೆ. ನಿಯಮ ಬಿಡುವ ಕಡೆಯೆಲ್ಲ ಕನ್ನಡದಲ್ಲೇ ಬರೆಯಲು ಹೇಳಿ. ಇಲ್ಲದಿದ್ದರೆ ನಾವು ಅಳೆಯುವುದು ಅರ್ಥಶಾಸ್ತ್ರವನ್ನಲ್ಲ, ಅವಳು ಓದಿದ ಶಾಲೆಯನ್ನು.

ಹಿಂದಿನ ವರ್ಷದ ಎರಡು ಪೇಪರ್, ಹೆಸರು ತೆಗೆದು, ಬರೆದವರನ್ನು ಕೇಳಿಕೊಂಡು ತರಗತಿಯಲ್ಲಿ ತೋರಿಸಿ: ಒಂದು 17 ಬಂದದ್ದು, ಒಂದು 11 ಬಂದದ್ದು. ಎರಡನ್ನೂ ಮಕ್ಕಳ ಕೈಯಲ್ಲೇ ತಿದ್ದಿಸಿ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಇದರಷ್ಟು ಉಪಕಾರ ಮತ್ತೊಂದಿಲ್ಲ. "ಚೆನ್ನಾಗಿ ಬರೆಯಿರಿ" ಎಂದರೆ ಏನು ಮಾಡಬೇಕೆಂದು ಮನೆಯಲ್ಲಿ ಹೇಳಿಕೊಡುವವರು ಅವರಿಗಿಲ್ಲ. ಗೊತ್ತಿಲ್ಲದ್ದರಿಂದ ಅವರು ಪುಟ ಹೆಚ್ಚಿಸುತ್ತಾರೆ.

ತಿದ್ದುವಾಗ ರಿಜಿಸ್ಟರ್ ನಂಬರ್ ಮಡಚಿ. ಒಬ್ಬರ ಪೇಪರ್ ಪೂರ್ತಿ ಮುಗಿಸಿ ಮುಂದಿನವರಿಗೆ ಹೋಗಬೇಡಿ, ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯದು. ಮೊದಲ ಉತ್ತರ ಚೆನ್ನಾಗಿದ್ದರೆ ಎರಡನೆಯದಕ್ಕೂ ಕೈ ಧಾರಾಳವಾಗುತ್ತದೆ, ಅದನ್ನು ತಪ್ಪಿಸಲು ಇದೊಂದೇ ದಾರಿ. ಮೊದಲು ತಿದ್ದಿದ ಐದನ್ನು ಕೊನೆಯಲ್ಲಿ ಮತ್ತೆ ನೋಡಿ, ಆರಂಭದಲ್ಲಿ ಕೈ ಬಿಗಿ ಇರುವುದು ಅಥವಾ ಸಡಿಲ ಇರುವುದು ಆಗ ಗೊತ್ತಾಗುತ್ತದೆ. ಆರು ಪೇಪರನ್ನು ಅಂಕ ಬರೆಯದೆ ಸಹೋದ್ಯೋಗಿಗೆ ಕೊಟ್ಟು ತಿದ್ದಿಸಿ. 20ಕ್ಕೆ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರಲ್ಲಿ ಯಾರು ಸರಿ ಎಂಬ ಚರ್ಚೆ ಬೇಡ, ಮಾನದಂಡದ ಯಾವ ಸಾಲನ್ನು ಬೇರೆಬೇರೆ ಅರ್ಥ ಮಾಡಿಕೊಂಡೆವು ಎಂದು ಹುಡುಕಿ ಆ ಸಾಲು ತಿದ್ದಿ.

ಸಮಯ? 60 ಪೇಪರಿಗೆ ತಲಾ 8 ನಿಮಿಷ ಎಂದರೆ 8 ಗಂಟೆ. ಇದರ ಮೇಲೆ ಕರಡು ಓದುವುದೆಂದರೆ ಯಾರಿಗೂ ಸಾಧ್ಯವಿಲ್ಲ ಎನಿಸುತ್ತದೆ. ಕರಡು ಪೂರ್ತಿ ಓದಬೇಕಿಲ್ಲ. ಮೊದಲ ಪ್ಯಾರಾ ಮತ್ತು ಒಂದು ಮುಖ್ಯ ಉದಾಹರಣೆ ಮಾತ್ರ ಬರೆದು ತರಲಿ, ತಲಾ ಮೂರು ನಿಮಿಷ, ಒಟ್ಟು 3 ಗಂಟೆ. ಆ ಮೂರು ಗಂಟೆ ಹೂಡಿದರೆ ಕೊನೆಯ ಎಂಟು ಗಂಟೆ ಆರಕ್ಕೆ ಇಳಿಯುವ ಸಂಭವವೇ ಹೆಚ್ಚು, ಯಾಕೆಂದರೆ ದಾರಿ ತಪ್ಪಿದ ಪೇಪರುಗಳೇ ತಿದ್ದಲು ಹೆಚ್ಚು ಹೊತ್ತು ಹಿಡಿಯುತ್ತವೆ.

ಹಾಜರಾತಿ, ತಡ, ಸರಾಸರಿ

ಪದವಿ ತರಗತಿಗಳಲ್ಲಿ 75 ಪ್ರತಿಶತ ಹಾಜರಾತಿ ಪರೀಕ್ಷೆಗೆ ಕೂರುವ ಅರ್ಹತೆ. ಅದೇ ಹಾಜರಾತಿಗೆ ಐಎಯಲ್ಲಿ ಮತ್ತೆ ಅಂಕ ಕೊಡುವುದು ಒಂದೇ ಕೂಲಿಯನ್ನು ಎರಡು ಸಲ ಕೊಟ್ಟ ಹಾಗೆ. ನಿಮ್ಮ ಕಾಲೇಜಿನ ನಿಯಮದಲ್ಲೇ ಇದ್ದರೆ ಕೊಡಿ, ಆದರೆ ಪಟ್ಟಿಯಲ್ಲಿ ಬೇರೆ ಕಾಲಮ್ಮಿನಲ್ಲಿ ತೋರಿಸಿ. ಹುಡುಗನಿಗೆ ತನ್ನ 16ರಲ್ಲಿ 5 ಬಂದು ಕೂತದ್ದಕ್ಕೆ ಎಂದು ಗೊತ್ತಿರಬೇಕು.

ತಡವಾಗಿ ಕೊಟ್ಟದ್ದಕ್ಕೆ ದಿನಕ್ಕೊಂದು ಅಂಕ ಕಡಿಯುವುದು ನನಗೆ ಸರಿ ಕಾಣುವುದಿಲ್ಲ. 16ರ ಕೆಲಸ ನಾಲ್ಕು ದಿನ ತಡವಾದ ಮಾತ್ರಕ್ಕೆ 12ರ ಕೆಲಸ ಆಗುವುದಿಲ್ಲ. ತಡ ಮಾಡಿದವರಿಗೆ ತಿದ್ದಿ ಮತ್ತೆ ಕೊಡುವ ಅವಕಾಶ ಇಲ್ಲ ಎಂದು ನಿಯಮ ಮಾಡಿ, ಅದು ತಾನಾಗಿ ಶಿಸ್ತು ತರುತ್ತದೆ.

ಸರಾಸರಿಯ ಮೋಸ ಇನ್ನೊಂದು. ಒಬ್ಬಳಿಗೆ ನಾಲ್ಕು ಕಿರುಪರೀಕ್ಷೆಯಲ್ಲಿ ಹತ್ತಕ್ಕೆ 4, 5, 8, 9. ಇನ್ನೊಬ್ಬನಿಗೆ 9, 8, 5, 4. ಇಬ್ಬರಿಗೂ 6.5. ಅವಳು ಕಲಿತಿದ್ದಾಳೆ, ಅವನು ಕೈಬಿಟ್ಟಿದ್ದಾನೆ, ಅಂಕ ಒಂದೇ. ಪ್ರೋಗ್ರಾಮಿಂಗ್, ಭಾಷಾಂತರ, ಅಕೌಂಟ್ಸ್, ಟೈಟ್ರೇಷನ್ ಹೀಗೆ ಒಂದರ ಮೇಲೊಂದು ಕಟ್ಟುವ ಕೌಶಲದಲ್ಲಿ ಕೊನೆಯ ಎರಡನ್ನೇ ಲೆಕ್ಕಕ್ಕೆ ಹಿಡಿಯಿರಿ, ಅವಳಿಗೆ 8.5 ಬರುತ್ತದೆ. ಇದು ಶ್ರಮಕ್ಕೆ ಕೊಟ್ಟ ರಿಯಾಯಿತಿ ಅಲ್ಲ, ಸೆಮಿಸ್ಟರ್ ಮುಗಿಯುವಾಗ ಅವಳ ಕೈಯಲ್ಲಿರುವ ವಿದ್ಯೆಯ ಅಳತೆ. ನಾಲ್ಕು ಪರೀಕ್ಷೆ ನಾಲ್ಕು ಬೇರೆ ಘಟಕದ ಮೇಲೆ ಇದ್ದರೆ ಮಾತ್ರ ಸರಾಸರಿ ಸರಿ.

ಶ್ರಮವನ್ನು ಮಾತಿನಲ್ಲಿ ಗುರುತಿಸುವುದು ಬೇರೆ ವಿಷಯ, ಅದನ್ನು ಧಾರಾಳವಾಗಿ ಮಾಡಿ. 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಮಕ್ಕಳಿಗಿಂತ ಕಷ್ಟಪಟ್ಟಿರೆಂದು ಹೊಗಳಿಸಿಕೊಂಡ ಮಕ್ಕಳು ಸೋಲಿನ ನಂತರವೂ ಹೆಚ್ಚು ಛಲ ತೋರಿದರು. ಇದನ್ನೇ ಹಿಡಿದು ಶ್ರಮಕ್ಕೆ ಅಂಕ ಕೊಡಿ ಎಂದು ವಾದಿಸುವವರಿದ್ದಾರೆ. ಅಲ್ಲಿ ನೋಡಿದ್ದು ಹೊಗಳಿಕೆಯನ್ನು, ಅಂಕವನ್ನಲ್ಲ. "ಐದು ರೀಡಿಂಗ್ ತೆಗೆದಿದ್ದೀಯ, ಬಿಡದೆ ನಿಂತೆ, ಅದು ಒಳ್ಳೆಯದು. ಈಗ ಕೊನೇ 1 ಮಿ.ಲೀ. ನೋಡೋಣ ಬಾ" ಎನ್ನುವುದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.

ಇದೆಲ್ಲ ನಡೆಯುವುದು ತಾರೀಕು ಮೊದಲೇ ಕಟ್ಟಿಟ್ಟರೆ ಮಾತ್ರ. 16 ವಾರದ ಸೆಮಿಸ್ಟರಿನಲ್ಲಿ ನಾಲ್ಕನೇ ವಾರ ಅಸೈನ್‌ಮೆಂಟ್ ಮತ್ತು ಮಾನದಂಡ ಎರಡನ್ನೂ ಕೊಡಿ. ಆರನೇ ವಾರ ಒಂದು ಪ್ಯಾರಾ ಕರಡು, ಎಂಟನೇ ವಾರ ಒಪ್ಪಿಸುವುದು, ಹತ್ತನೇ ವಾರ ಟಿಪ್ಪಣಿ ಬರೆದು ವಾಪಸ್, ಹನ್ನೆರಡನೇ ವಾರ ತಿದ್ದಿದ್ದನ್ನು ಮತ್ತೆ ತೆಗೆದುಕೊಳ್ಳುವುದು. ಹದಿಮೂರರಲ್ಲಿ ವೈವಾ ಮತ್ತು ಸಹೋದ್ಯೋಗಿಯ ಜೊತೆ ತಾಳೆ, ಹದಿನಾಲ್ಕರಲ್ಲಿ ಐಎ ಪಟ್ಟಿ ನೋಟಿಸ್ ಬೋರ್ಡಿಗೆ. ಮೂರು ದಿನ ಆಕ್ಷೇಪಣೆಗೆ ಬಿಟ್ಟು ಆಮೇಲೆ ವಿಶ್ವವಿದ್ಯಾಲಯಗಳ ಆನ್‌ಲೈನ್ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಏರಿಸಿ. ಪಟ್ಟಿ ಬೋರ್ಡಿಗೆ ಬಂದ ಮೇಲೆ ಕೂಡಿಸುವುದರಲ್ಲಿ ತಪ್ಪಿದ್ದರೆ, ಯಾವುದಾದರೂ ಉತ್ತರ ತಿದ್ದದೆ ಬಿಟ್ಟುಹೋಗಿದ್ದರೆ ಮಾತ್ರ ಅಂಕ ಬದಲಿಸಿ. "ಕಷ್ಟಪಟ್ಟಿದ್ದೇನೆ" ಎಂದು ಆ ಮೂರು ದಿನದಲ್ಲಿ ಬಂದವರಿಗೆ ಹನ್ನೆರಡನೇ ವಾರದ ತಿದ್ದಿದ ಪ್ರತಿ ಕೊಟ್ಟಿದ್ದಾರೆಯೇ ಎಂದು ನೋಡಿ. ಕೊಟ್ಟಿಲ್ಲದಿದ್ದರೆ ಯಾಕೆ ಕೊಡಲಿಲ್ಲ ಎಂದು ಕೂರಿಸಿ ಕೇಳಿ, ಬಸ್ಸೋ ಮನೆಯ ಕೆಲಸವೋ ಫೀಸೋ ಇನ್ನೊಂದೋ, ಮುಂದಿನ ಸೆಮಿಸ್ಟರಿಗೆ ಆ ಒಂದು ತೊಡಕನ್ನು ಬಿಡಿಸಲು ಏನು ಮಾಡಬಹುದೆಂದು ಅವರ ಜೊತೆ ಕೂತು ಬರೆದುಕೊಳ್ಳಿ.